ಹತ್ತೇ ಚೀಲದಿಂದ ಶುರು ಮಾಡಿ: ವಿದ್ಯಾರ್ಥಿಗಳಿಗೆ ಚಿಪ್ಪು ಅಣಬೆ

ತೋಟಗಾರಿಕೆ ಓದುವಾಗ, ಕೊನೇ ವರ್ಷದ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ವರು ಗೆಳೆಯರು ಚಿಪ್ಪು ಅಣಬೆ ಕೈಗೆತ್ತಿಕೊಂಡೆವು. ಹುಮ್ಮಸ್ಸಿನಲ್ಲಿ ಒಂದೇ ಸಲ 60 ಚೀಲ ಕಟ್ಟಿದೆವು. ಹನ್ನೆರಡನೇ ದಿನ ನೋಡಿದ್ರೆ 40 ಚೀಲದಲ್ಲಿ ಹಸಿರು ಬೂಷ್ಟು! ನಾಲ್ವರ ಮೆಸ್ ದುಡ್ಡು ತಿಪ್ಪೆ ಸೇರಿತು. ತಪ್ಪು ಎರಡೇ: ಹುಲ್ಲನ್ನು ಸರಿಯಾಗಿ ಬೇಯಿಸಿರಲಿಲ್ಲ, ನೀರು ಬಸಿಯಲು ಬಿಟ್ಟಿರಲಿಲ್ಲ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೀತಿದ್ದೀನಿ.

ಯಾವ ಅಣಬೆ?

ಬಟನ್ ಅಣಬೆಗೆ ಕಾಂಪೋಸ್ಟ್ ಬೇಕು, ತಂಪು ಕೋಣೆ ಬೇಕು. ವಿದ್ಯಾರ್ಥಿಗಳ ಜೇಬಿಗೆ ಅದು ಭಾರ. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಉಷ್ಣಾಂಶ, ಭತ್ತದ ಹುಲ್ಲು, ಒಂದು ಖಾಲಿ ಕೋಣೆ ಸಾಕು. ಕಡು ಬೇಸಿಗೆಯಾದರೆ ಹಾಲು ಅಣಬೆ ನೋಡಿ.

ಬೀಜ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ಸಿಗುತ್ತೆ, ತರಬೇತಿಯೂ ಇದೆ. ಮೊದಲೇ ವಿಚಾರಿಸಿ ಹೋಗಿ. ಬೀಜ ಪೂರ್ತಿ ಬೆಳ್ಳಗಿರಬೇಕು. ಹಸಿರು, ಕಪ್ಪು ಕಂಡರೆ ಅಥವಾ ಹುಳಿ ವಾಸನೆ ಬಂದರೆ ಬೇಡ. 1 ಕಿಲೋ ಒಣಹುಲ್ಲಿಗೆ ಸುಮಾರು 100 ಗ್ರಾಂ ಬೀಜ.

ಚೀಲ ಕಟ್ಟುವುದು

• ಹೊಸ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ.
• 80 ಡಿಗ್ರಿಗೆ ಕಡಿಮೆಯಾಗದ ಬಿಸಿನೀರಲ್ಲಿ ಒಂದು ಗಂಟೆ ಬೇಯಿಸಿ. ರಾಸಾಯನಿಕದ ಅಗತ್ಯವಿಲ್ಲ.
• ಶುದ್ಧ ಜಾಗದಲ್ಲಿ ಬಸಿಯಲು ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು.
• ಪೂರ್ತಿ ಆರಿದ ಮೇಲೆ ಚೀಲದಲ್ಲಿ ಹುಲ್ಲು, ಬೀಜ, ಹುಲ್ಲು, ಬೀಜ ಅಂತ ಪದರ ಪದರವಾಗಿ ತುಂಬಿ. ಬಿಗಿಯಾಗಿ ಕಟ್ಟಿ, ಸುತ್ತ ಸಣ್ಣ ತೂತು ಮಾಡಿ.

ಕತ್ತಲೆ, ಆಮೇಲೆ ಗಾಳಿ

15ರಿಂದ 20 ದಿನ ಕತ್ತಲೆ ಕೋಣೆಯಲ್ಲಿಡಿ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ. ಇನ್ನು ಮುಂದೆ ಗಾಳಿ, ಮಂದ ಬೆಳಕು, ಶೇ. 80-85ರಷ್ಟು ತೇವಾಂಶ ಬೇಕು. ಗೋಡೆಗೆ ಒದ್ದೆ ಗೋಣಿಚೀಲ ತೂಗುಹಾಕಿ, ದಿನಕ್ಕೆರಡು ಸಲ ನೀರು ಸಿಂಪಡಿಸಿ. ದಂಟು ಉದ್ದವಾಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಕಿಟಕಿ ತೆಗೆಯಿರಿ. ಕಿಟಕಿಗೆ ಸೊಳ್ಳೆ ಪರದೆ ಇರಲಿ, ಇಲ್ಲದಿದ್ರೆ ನೊಣ ನುಗ್ಗುತ್ತೆ. ಹಸಿರು ಬೂಷ್ಟು ಕಂಡ ಚೀಲವನ್ನು ಅಲ್ಲೇ ಬಿಚ್ಚಬೇಡಿ, ಹೊರಗೆ ಸಾಗಿಸಿ ಹೂತುಬಿಡಿ.

ಕೊಡೆಯ ಅಂಚು ಮೇಲಕ್ಕೆ ಸುರುಳುವ ಮೊದಲೇ ಕೊಯ್ಯಿರಿ. ಬಲಿತರೆ ಬೀಜಕಣ ಹಾರಿ ಕೆಲವರಿಗೆ ಕೆಮ್ಮು ಬರುತ್ತೆ. ಕೋಣೆಯೊಳಗೆ ಮಾಸ್ಕ್ ಹಾಕಿ. ಎರಡು-ಮೂರು ಕೊಯ್ಲಿನಲ್ಲಿ ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಲೆಕ್ಕ ಹಾಕಿಕೊಳ್ಳಿ.

ಮೊದಲು ಗಿರಾಕಿ, ಆಮೇಲೆ ಚೀಲ

ಉಳಿದ ಚೀಲಗಳ ಅಣಬೆ ಬಂದಾಗ ನಮ್ಮ ಹತ್ತಿರ ಗಿರಾಕಿನೇ ಇರಲಿಲ್ಲ. ಹಸಿ ಅಣಬೆ ಹೊರಗಿಟ್ಟರೆ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕೈದು ದಿನ, ಅಷ್ಟೇ. ಹಾಗಾಗಿ ಬೀಜ ತರುವ ಮುಂಚೆಯೇ ಹಾಸ್ಟೆಲ್ ಮೆಸ್, ಪರಿಚಯದ ಮನೆಗಳು, ಹೋಟೆಲ್‌ಗಳನ್ನು ಮಾತಾಡಿಸಿ, ಯಾರಿಗೆ ಎಷ್ಟು ಅಂತ ಬರೆದುಕೊಳ್ಳಿ. ಚೀಲಗಳನ್ನೂ ವಾರಕ್ಕಿಷ್ಟು ಅಂತ ಕಟ್ಟಿ. ಮಿಕ್ಕಿದ್ದನ್ನು ಒಣಗಿಸಿ, 10 ಕಿಲೋಗೆ ಸುಮಾರು 1 ಕಿಲೋ ಒಣ ಅಣಬೆ ಸಿಗುತ್ತೆ.

ಹುಲ್ಲು, ಬೀಜ, ಸೌದೆ, ಚೀಲ, ನಿಮ್ಮ ಕೂಲಿ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಹತ್ತು ಚೀಲದಲ್ಲಿ ಲಾಭ ಕಾಣದಿದ್ದರೆ ನೂರರಲ್ಲಿ ನಷ್ಟವೇ ಹತ್ತುಪಟ್ಟಾಗುತ್ತೆ. ನಾವು ಎರಡನೇ ಸಲ ಹತ್ತೇ ಚೀಲ ಕಟ್ಟಿದೆವು. ಒಂದೂ ಕೆಡಲಿಲ್ಲ.