ಕೊಟ್ಟಿಗೆಗೆ ಇಳಿಯುವ ಮುನ್ನ: ಬೂಟು, ಕೈಗವಸು ಮತ್ತು ನಾವು ನಂಬಿದ್ದ ಮಾತುಗಳು

ಪಶುವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಪ್ರಾಣಿಗಳ ಚಿಕಿತ್ಸೆಯ ತರಬೇತಿ ಶುರುವಾಗುವ ವಾರ ಹಾಸ್ಟೆಲಿನಲ್ಲಿ ಒಂದು ಚೀಟಿ ಕೈಯಿಂದ ಕೈಗೆ ಓಡಾಡುತ್ತದೆ. ಗಮ್‌ಬೂಟು ಒಂದು ಜೊತೆ, ಏಪ್ರನ್ ಎರಡು, ಉದ್ದ ಕೈಗವಸು ಒಂದು ಪೆಟ್ಟಿಗೆ. ಚೀಟಿ ಚಿಕ್ಕದು, ಅದರ ಬೆನ್ನಿಗೆ ಬರುವ ಸಲಹೆಗಳು ರಾಶಿ. ಸೀನಿಯರುಗಳದ್ದು ಒಂದು ಮಾತು, ಅಂಗಡಿಯವರದ್ದು ಇನ್ನೊಂದು, ಹಳ್ಳಿಯವರದ್ದು ಮತ್ತೊಂದು. ಹೆಬ್ಬಾಳದಲ್ಲಿ ಓದಲಿ, ಬೀದರಿನಲ್ಲಿ ಓದಲಿ, ಶಿವಮೊಗ್ಗ, ಹಾಸನ, ಗದಗಿನಲ್ಲಿ ಓದಲಿ, ಈ ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ. ನಾವೂ ಇವನ್ನು ನಂಬಿದವರೇ. ಕೆಲವಕ್ಕೆ ದಂಡವನ್ನೂ ತೆತ್ತೆವು. ಈಗ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಡಾಕ್ಟರಿಗೆ ಬಿಳಿ ಏಪ್ರನ್ನೇ ಉಡುಪು, ಅದೊಂದಿದ್ದರೆ ಸಾಕು.

ವಾಸ್ತವ: ಬಿಳಿ ಏಪ್ರನ್ ಪ್ರಯೋಗಾಲಯದ ಉಡುಪು. ಅಲ್ಲಿ ಮೇಜು ಒದೆಯುವುದಿಲ್ಲ. ಕೊಟ್ಟಿಗೆಯಲ್ಲಿ ಅದರ ಜೋತಾಡುವ ಅಂಚು ಟ್ರಾವಿಸಿನ ಕೊಂಡಿಗೆ, ಹಗ್ಗದ ಕುಣಿಕೆಗೆ, ಕೊಂಬಿನ ತುದಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿಯ ಬಟ್ಟೆಯಾದ್ದರಿಂದ ಗಂಜಳ, ರಕ್ತ, ಗರ್ಭದ ನೀರು ಎಲ್ಲವನ್ನೂ ಹೀರಿ ಮೈಗೆ ಅಂಟಿಸುತ್ತದೆ.

ಬೇಕಾದದ್ದು ಕಾರ್ಖಾನೆಯವರು ಬಾಯ್ಲರ್ ಸೂಟ್ ಎಂದು ಕರೆಯುವ ಒಂದೇ ತುಂಡಿನ ಉಡುಪು. ಕೂತು ಏಳುವಷ್ಟು ಸಡಿಲವಿರಲಿ, ಗಾಳಿಗೆ ಹಾರುವಷ್ಟು ಬೇಡ. ಗರ್ಭ ಪರೀಕ್ಷೆಗೆ ಗಿಡ್ಡ ತೋಳು, ಜೇಬಿಗೆ ಮುಚ್ಚಳ. ಹೆರಿಗೆ ಮಾಡಿಸುವಾಗ ಅದರ ಮೇಲೊಂದು ನೀರು ಹಿಡಿಯದ ಪ್ಲಾಸ್ಟಿಕ್ ಏಪ್ರನ್. ಕತ್ತಿನ ಸರ, ದುಪಟ್ಟಾ, ಗುರುತಿನ ಚೀಟಿಯ ದಾರ, ಈ ಮೂರೂ ಕೊಟ್ಟಿಗೆಯ ಹೊರಗೇ ಉಳಿಯಬೇಕು.

ತಪ್ಪು ಕಲ್ಪನೆ 2: ರಬ್ಬರಿಗಿಂತ ಚರ್ಮದ ಬೂಟು ಗಟ್ಟಿ, ಬಾಳಿಕೆಯೂ ಹೆಚ್ಚು.

ವಾಸ್ತವ: ಗಟ್ಟಿ ಹೌದು, ಆದರೆ ತೊಳೆಯಲು ಬಾರದು. ಚರ್ಮ ದ್ರವವನ್ನು ಕುಡಿಯುತ್ತದೆ, ಹೊಲಿಗೆಯ ಸಂದಿನಲ್ಲಿ ಸಗಣಿ ಕೂರುತ್ತದೆ, ಲೇಸಿನ ಗಂಟು ಕೊಳೆಯನ್ನು ಮನೆಯವರೆಗೆ ಹೊತ್ತು ತರುತ್ತದೆ. ನಮ್ಮಲ್ಲೊಬ್ಬರು ಮೊದಲ ತಿಂಗಳು ಹೊಸ ಚರ್ಮದ ಬೂಟಿನಲ್ಲಿ ಮೆರೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೂಟನ್ನು ಹಾಸ್ಟೆಲಿನ ಕೋಣೆಯೊಳಗೆ ಯಾರೂ ಬಿಟ್ಟುಕೊಳ್ಳಲಿಲ್ಲ.

ಮೊಣಕಾಲಿನ ಕೆಳಗಿನವರೆಗೆ ಬರುವ, ಒಂದೇ ಅಚ್ಚಿನಲ್ಲಿ ಎರಕವಾದ ರಬ್ಬರ್ ಅಥವಾ ಪಿವಿಸಿ ಗಮ್‌ಬೂಟು ಇಲ್ಲಿಗೆ ಸರಿ. ಕೊಳ್ಳುವಾಗ ಅಟ್ಟೆಯನ್ನು ತಿರುಗಿಸಿ ನೋಡಬೇಕು. ಹಲ್ಲುಗಳು ಆಳವಾಗಿರಬೇಕು, ಆದರೆ ಬ್ರಷ್ಷು ತಲುಪದಷ್ಟು ಇಕ್ಕಟ್ಟಾಗಿರಬಾರದು. ಬಿಸಿಲಲ್ಲಿ ಒಣಗಲು ಬಿಟ್ಟ ರಬ್ಬರ್ ಬೇಗ ಸೀಳುತ್ತದೆ, ನೆರಳಲ್ಲಿ ತಲೆಕೆಳಗಾಗಿ ಇಡಬೇಕು. ಸೀಳು ಬಿಟ್ಟ ಬೂಟು ಬರಿಗಾಲಿಗಿಂತ ಕೆಟ್ಟದ್ದು. ಬರಿಗಾಲನ್ನು ನಾವು ತೊಳೆದುಕೊಳ್ಳುತ್ತೇವೆ, ಬೂಟಿನೊಳಗೆ ಸೇರಿದ ಗಂಜಳದಲ್ಲಿ ದಿನವಿಡೀ ನೆನೆಯುತ್ತೇವೆ. ಇಲಿ ಜ್ವರದ ರೋಗಾಣುವಿಗೆ ಅಷ್ಟು ನೆನೆದ ಚರ್ಮ, ಒಂದು ಸಣ್ಣ ಗೀರು ಸಾಕು.

ತಪ್ಪು ಕಲ್ಪನೆ 3: ಉಕ್ಕಿನ ಟೊಪ್ಪಿಯ ಬೂಟನ್ನು ಎಮ್ಮೆ ತುಳಿದರೆ ಉಕ್ಕು ಬಾಗಿ ಬೆರಳುಗಳನ್ನೇ ಕತ್ತರಿಸುತ್ತದೆ.

ವಾಸ್ತವ: ಈ ಮಾತಿಗೆ ಹೆದರಿ ಎಷ್ಟು ಜನ ಒಳ್ಳೆಯ ಬೂಟನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇವೋ! ಲೆಕ್ಕ ಹಾಕಿ ನೋಡಿ. ಸುರಕ್ಷತಾ ಬೂಟಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮುಂದಿನ ಟೊಪ್ಪಿ 200 ಜೂಲಿನ ಪೆಟ್ಟು ತಾಳಬೇಕು. ಅಂದರೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಒತ್ತಡದಲ್ಲಿ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಭಾರ ಹೊರಬೇಕು. ದೊಡ್ಡ ಮುರ್ರಾ ಎಮ್ಮೆಯಾಗಲಿ ಎಚ್‌ಎಫ್ ಹಸುವಾಗಲಿ ತೂಗುವುದು ಐನೂರು ಆರುನೂರು ಕಿಲೋ. ಅದೂ ನಾಲ್ಕು ಕಾಲಿಗೆ ಹಂಚಿಹೋಗುತ್ತದೆ. ಟೊಪ್ಪಿಯನ್ನು ಬಗ್ಗಿಸುವಷ್ಟು ಭಾರ ಬಿದ್ದರೆ ಟೊಪ್ಪಿಯಿಲ್ಲದ ಬೆರಳುಗಳ ಗತಿ ಏನಾದೀತು ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಉಕ್ಕಿನ ಟೊಪ್ಪಿ ವಜ್ರಕವಚವೂ ಅಲ್ಲ. ಅದು ಕಾಯುವುದು ಬೆರಳುಗಳನ್ನು ಮಾತ್ರ. ಗೊರಸು ಅದರ ಹಿಂದೆ, ಪಾದದ ನಡುಬೆನ್ನಿನ ಮೇಲೆ ಬಿದ್ದರೆ ಉಕ್ಕು ಏನೂ ಮಾಡದು. ಭಾರವೂ ಹೆಚ್ಚು, ದಿನವಿಡೀ ಶಿಬಿರದಲ್ಲಿ ನಡೆದಾಡುವವರಿಗೆ ಕಾಲು ಸೋಲುತ್ತದೆ. ಬೂಟು ಯಾವುದೇ ಇರಲಿ, ರಾಸಿನ ಕಾಲು ಎಲ್ಲಿದೆ, ನಮ್ಮ ಕಾಲು ಎಲ್ಲಿದೆ ಎಂದು ಒಂದು ಕಣ್ಣು ಕೆಳಗಿರಲೇಬೇಕು.

ತಪ್ಪು ಕಲ್ಪನೆ 4: ಒಂದು ಸೈಜ್ ದೊಡ್ಡದು ಕೊಂಡರೆ ಹಸು ತುಳಿದಾಗ ಕಾಲು ಸಲೀಸಾಗಿ ಎಳೆದುಕೊಳ್ಳಬಹುದು.

ವಾಸ್ತವ: ಕಾಲು ಈಚೆ ಬರುವುದು ನಿಜ, ಆದರೆ ಬರಬಾರದ ಹೊತ್ತಿನಲ್ಲಿ. ಸಡಿಲ ಬೂಟನ್ನು ಕೆಸರು ಹಿಡಿದುಕೊಳ್ಳುತ್ತದೆ, ನಾವು ಮುಗ್ಗರಿಸುತ್ತೇವೆ, ಅದೂ ಹಸುವಿನ ಹಿಂಗಾಲ ಬುಡದಲ್ಲೇ. ಹಿಮ್ಮಡಿ ಉಜ್ಜಿ ಗುಳ್ಳೆ ಏಳುತ್ತದೆ, ಒಡೆದ ಗುಳ್ಳೆ ಸೋಂಕಿಗೆ ತೆರೆದ ಬಾಗಿಲು. ಇದರ ಕಷ್ಟ ಹೆಚ್ಚು ಉಂಡವರು ಹುಡುಗಿಯರು. ಅಂಗಡಿಯಲ್ಲಿ ಗಂಡಸರ ಸೈಜ್ ಮಾತ್ರ ಜೋಡಿಸಿಟ್ಟು, ಎರಡು ಕಾಲುಚೀಲ ಹಾಕಿಕೊಳ್ಳಿ ಎಂದು ಹೇಳಿ ಕಳಿಸುತ್ತಾರೆ. ಕೇಳಿ ತರಿಸಿಕೊಳ್ಳಬೇಕು. ದಪ್ಪ ಕಾಲುಚೀಲ ಹಾಕಿಕೊಂಡೇ ಸಂಜೆ ಹೊತ್ತಿನಲ್ಲಿ ಅಳತೆ ನೋಡಬೇಕು, ಆಗ ಪಾದ ಕೊಂಚ ಊದಿರುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ ಇದ್ದರೆ, ಗಮ್‌ಬೂಟು ಹಾಕಿದರೆ ಕಾಲು ಕೊಳೆಯುತ್ತದೆ ಎಂಬ ಇನ್ನೊಂದು ದೂರಿಗೂ ಉತ್ತರ ಸಿಕ್ಕಿತು.

ತಪ್ಪು ಕಲ್ಪನೆ 5: ಪ್ಯಾಂಟನ್ನು ಬೂಟಿನೊಳಗೆ ತುರುಕಿಕೊಳ್ಳುವುದೇ ಶಿಸ್ತು.

ವಾಸ್ತವ: ಪರೇಡಿನಲ್ಲಿ ಶಿಸ್ತು ಇರಬಹುದು. ಹೆರಿಗೆ ಮಾಡಿಸುವಾಗ ಗರ್ಭದ ನೀರು ಏಪ್ರನ್ನಿನಿಂದ ಪ್ಯಾಂಟಿಗೆ, ಪ್ಯಾಂಟಿನಿಂದ ನೇರ ಬೂಟಿನ ಬಾಯಿಗೆ ಇಳಿಯುತ್ತದೆ. ಮಾಡಿನ ಹೆಂಚು ಒಂದರ ಮೇಲೊಂದು ಏರಿ ನೀರನ್ನು ಹೊರಗೆ ಚೆಲ್ಲುವಂತೆ, ಕೊಟ್ಟಿಗೆಯಲ್ಲಿ ಪ್ಯಾಂಟು ಬೂಟಿನ ಮೇಲಿರಬೇಕು.

ಮಲೆನಾಡಿನ ಕಾಡಂಚಿನಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ ಅಪಾಯ ಮೇಲಿನಿಂದ ಸುರಿಯುವುದಿಲ್ಲ, ಕೆಳಗಿನಿಂದ ಹತ್ತುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆಗಳು. ಅಲ್ಲಿ ದನ ನೋಡಲು ಹೋದಾಗ ಪ್ಯಾಂಟನ್ನು ಕಾಲುಚೀಲದೊಳಗೆ, ಬೂಟಿನೊಳಗೆ ಸೇರಿಸಬೇಕು. ಉಣ್ಣೆ ಕಣ್ಣಿಗೆ ಕಾಣುವಂತೆ ಬಟ್ಟೆ ತಿಳಿ ಬಣ್ಣದ್ದಿರಬೇಕು.

ತಪ್ಪು ಕಲ್ಪನೆ 6: ಕೆಂಪು ಬಟ್ಟೆ ಕಂಡರೆ ಹೋರಿ ಹಾಯುತ್ತದೆ.

ವಾಸ್ತವ: ದನದ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ನಾವು ಕಾಣುವ ಕೆಂಪು ಅವಕ್ಕೆ ಹಾಗೆ ಕಾಣುವುದಿಲ್ಲ. ಸ್ಪೇನಿನ ಗೂಳಿ ಕಾಳಗವನ್ನು ಸಾಕ್ಷಿಗೆ ಕರೆಯುವವರು ಒಂದನ್ನು ಮರೆಯುತ್ತಾರೆ. ಅಲ್ಲಿ ಕೆಂಪು ಬಟ್ಟೆ ಬರುವುದು ಕೊನೆಯ ಘಟ್ಟದಲ್ಲಿ. ಅದಕ್ಕೂ ಮೊದಲು ಬೀಸುವ ದೊಡ್ಡ ಬಟ್ಟೆ ಗುಲಾಬಿ ಮತ್ತು ಹಳದಿಯದ್ದು, ಗೂಳಿ ಅದಕ್ಕೂ ಅಷ್ಟೇ ರಭಸದಿಂದ ನುಗ್ಗುತ್ತದೆ. ಕೆಣಕುವುದು ಬಣ್ಣವಲ್ಲ, ಬೀಸಾಟ. ಹಾರಾಡುವ ಸೆರಗು, ಪಟಪಟ ಎನ್ನುವ ಪ್ಲಾಸ್ಟಿಕ್ ಕೋಟು, ದಿಢೀರನೆ ಮೇಲೆದ್ದ ಕೈ, ಇವು ಯಾವ ಬಣ್ಣದಲ್ಲಿದ್ದರೂ ರಾಸು ಬೆದರುತ್ತದೆ. ಕೆಂಪು ಅಂಗಿಯನ್ನು ಬದಲಿಸಿ ಸಡಿಲ ನೀಲಿ ಅಂಗಿ ತೊಟ್ಟವರು ಕಾರಣ ಬಿಟ್ಟು ನೆಪ ಹಿಡಿದಂತಾಯಿತು.

ತಪ್ಪು ಕಲ್ಪನೆ 7: ಕೈಗವಸು ಹಾಕಿದರೆ ಬೆರಳಿಗೆ ಏನೂ ತಿಳಿಯದು, ನಿಜವಾದ ಕೆಲಸಗಾರ ಬರಿಗೈಯಲ್ಲೇ ಕರು ಎಳೆಯುತ್ತಾನೆ.

ವಾಸ್ತವ: ನಮಗೆ ಅತಿ ದುಬಾರಿಯಾದ ನಂಬಿಕೆ ಇದೇ. ತೋಳುದ್ದದ ತೆಳು ಪ್ಲಾಸ್ಟಿಕ್ ಗವಸು ಬೆರಳ ತುದಿಯಲ್ಲಿ ಸಡಿಲವಾಗಿರುವುದು ನಿಜ. ಅದರ ಮೇಲೆ ಅಂಟಿ ಕೂರುವ ಲ್ಯಾಟೆಕ್ಸ್ ಗವಸು ಹಾಕಿಕೊಂಡರೆ ಕರುವಿನ ಗೊರಸು ಯಾವುದು, ಮೂತಿ ಯಾವುದು ಎಂದು ಚೆನ್ನಾಗಿಯೇ ತಿಳಿಯುತ್ತದೆ. ಉಂಗುರ, ಬಳೆ, ಗಡಿಯಾರ ತೆಗೆದು ಉಗುರು ಕತ್ತರಿಸಿಕೊಂಡರೆ ಗವಸು ಹರಿಯುವುದೂ ಕಡಿಮೆ.

ಬರಿಗೈ ಏಕೆ ಬೇಡ? ಕಂದುರೋಗದಿಂದಾಗಿ. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ಈ ಕುಲದ ರೋಗಾಣುವನ್ನು ಮನುಷ್ಯರಲ್ಲಿ ಕಂಡರು, ಹತ್ತು ವರ್ಷದ ಮೇಲೆ ಬರ್ನ್‌ಹಾರ್ಡ್ ಬ್ಯಾಂಗ್ ಕಂದು ಹಾಕಿದ ಹಸುಗಳಲ್ಲಿ ಕಂಡರು. ಸೋಂಕಿದ ಹಸುವಿನ ಸತ್ತೆಯಲ್ಲಿ, ಗರ್ಭದ ನೀರಿನಲ್ಲಿ ಅದು ಅಪಾರ ಸಂಖ್ಯೆಯಲ್ಲಿರುತ್ತದೆ. ಕೈಯ ಗೀರಿನಿಂದ, ಕಣ್ಣಿಗೆ ಸಿಡಿದ ಹನಿಯಿಂದ ನಮ್ಮೊಳಗೆ ಬರುತ್ತದೆ. ಆಮೇಲೆ ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಸೊಂಟ ನೋವು. ಟೈಫಾಯ್ಡ್ ಇರಬಹುದೆಂದು ಕೆಲವು ವಾರ ಕಳೆದುಹೋಗುತ್ತವೆ. ಗೊತ್ತಾದ ಮೇಲೂ ಎರಡು ಬಗೆಯ ಔಷಧಿ ಆರು ವಾರ ನುಂಗಬೇಕು. ಬೀಳದ ಸತ್ತೆಯನ್ನು ಬರಿಗೈಯಲ್ಲಿ ಬಿಡಿಸಿದ ಆ ಅರ್ಧ ಗಂಟೆಯ ಬೆಲೆ ಅದು.

ರೋಗವಿಲ್ಲದ ಕಡೆಯೂ ಗವಸು ಬೇಕು. ಹಸುವನ್ನು ಬೆದೆಗೆ ತರಲು ಕೊಡುವ ಪ್ರೊಸ್ಟಾಗ್ಲಾಂಡಿನ್ ಔಷಧಿ ಚರ್ಮದ ಮೂಲಕವೇ ಮೈ ಸೇರುತ್ತದೆ. ಬಸುರಿಯರು, ಉಬ್ಬಸವಿರುವವರು ಅದನ್ನು ಮುಟ್ಟಲೇಬಾರದು.

ತಪ್ಪು ಕಲ್ಪನೆ 8: ರೋಗ ಇದೆಯೆಂದು ಗೊತ್ತಾದ ಮೇಲೆ ಹಾಕಿಕೊಂಡರಾಯಿತು.

ವಾಸ್ತವ: ರೋಗ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಹಸು ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿರಬೇಕು ಎಂದು ರೈತರು ಹೇಳುತ್ತಾರೆ. ಉತ್ಸಾಹದ ವಿದ್ಯಾರ್ಥಿ ತೋಳು ಮಡಿಚಿ ಬಾಯಿಗೆ ಕೈ ಹಾಕುತ್ತಾನೆ. ಎರಡು ದಿನಕ್ಕೆ ಹಸು ವಿಚಿತ್ರವಾಗಿ ಅಂಬಾ ಎನ್ನತೊಡಗಿದಾಗ ಅದು ಹುಚ್ಚುನಾಯಿ ರೋಗವೆಂದು ತಿಳಿಯುತ್ತದೆ. ಜೊಲ್ಲು ಕಂಡರೆ ಮೊದಲ ಅನುಮಾನ ಅದೇ ಇರಲಿ. ಗವಸು ಹಾಕದೆ ಯಾವ ಬಾಯಿಗೂ ಕೈ ಹಾಕಬಾರದು. ರೇಬೀಸ್ ವಿರುದ್ಧ ಮುಂಚಿತವಾಗಿಯೇ ಹಾಕಿಸಿಕೊಳ್ಳುವ ಲಸಿಕೆ ಈ ವೃತ್ತಿಯ ಮೊದಲ ಉಡುಪು, ಧನುರ್ವಾಯುವಿನದು ಎರಡನೆಯದು.

ತಪ್ಪು ಕಲ್ಪನೆ 9: ಮೈತುಂಬ ಕವಚವಿದ್ದರೆ ಇನ್ನು ಭಯವಿಲ್ಲ.

ವಾಸ್ತವ: ಕುದುರೆ ಹಿಂದಕ್ಕೆ ಒದೆಯುತ್ತದೆ, ಹಸು ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಯಾವ ಬಟ್ಟೆಯೂ ಆ ಒದೆಯನ್ನು ತಡೆಯದು. ಮೈಗೆ ತಾಗಿ ನಿಲ್ಲಬೇಕು, ಇಲ್ಲವೇ ಕಾಲಿಗೆ ಸಿಗದಷ್ಟು ದೂರ ನಿಲ್ಲಬೇಕು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಕಂದುರೋಗದ ಲಸಿಕೆಯಲ್ಲಿ ಜೀವಂತ ರೋಗಾಣುವಿದೆ. ಸೂಜಿ ತಪ್ಪಿ ನಮಗೆ ಚುಚ್ಚಿದರೆ ಗವಸು ಅದನ್ನು ತಡೆಯದು, ಕಣ್ಣಿಗೆ ಸಿಡಿದರೆ ಕನ್ನಡಕವಷ್ಟೇ ಕಾಪಾಡೀತು. ನೆರಡಿ ರೋಗದ ಅನುಮಾನವಿರುವ ಹೆಣವನ್ನಂತೂ ಎಂಥ ಉಡುಪಿನಲ್ಲೂ ಕೊಯ್ಯಬಾರದು. ಗಾಳಿ ಸೋಕಿದರೆ ಆ ರೋಗಾಣು ಬೀಜರೂಪ ತಾಳಿ ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತದೆ.

ತಪ್ಪು ಕಲ್ಪನೆ 10: ಬೂಟನ್ನು ಫಿನಾಯಿಲಿನಲ್ಲಿ ಅದ್ದಿದರೆ ಎಲ್ಲ ಶುದ್ಧ.

ವಾಸ್ತವ: ಶುದ್ಧವಾದದ್ದು ವಾಸನೆ ಮಾತ್ರ. ಸಗಣಿ ಮೆತ್ತಿದ ಬೂಟಿನ ಮೇಲೆ ಯಾವ ಸೋಂಕುನಿವಾರಕವೂ ಸರಿಯಾಗಿ ಕೆಲಸ ಮಾಡದು. ಮೊದಲು ನೀರು ಮತ್ತು ಬ್ರಷ್ಷು, ಆಮೇಲೆ ಔಷಧಿ. ಕಾಲುಬಾಯಿ ರೋಗದ ವೈರಾಣುವನ್ನು ಫಿನಾಯಿಲ್ ನೆಚ್ಚಿಕೊಂಡು ಕೊಲ್ಲಲಾಗದು. ಆದರೆ ಹುಳಿಗೂ ಕ್ಷಾರಕ್ಕೂ ಅದು ಸಾಯುತ್ತದೆ. ಲೀಟರ್ ನೀರಿಗೆ 40 ಗ್ರಾಂ ಬಟ್ಟೆ ಸೋಡಾ ಕದಡಿದರೆ ಸಾಕು. 2013ರಲ್ಲಿ ಈ ರೋಗ ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಕೊಂದಿತು. ವೈರಾಣು ದನದ ಜೊತೆ ಬರುವಂತೆ ಚಕ್ರದ ಜೊತೆ, ಬಟ್ಟೆಯ ಜೊತೆ, ಅಟ್ಟೆಯ ಜೊತೆಯೂ ಬರುತ್ತದೆ. ಒಂದೇ ದಿನ ಹತ್ತು ಕೊಟ್ಟಿಗೆ ತಿರುಗುವವರು ನಾವು. ಬೂಟು ನಮ್ಮ ಕಾಲನ್ನು ಕಾಯಲು ಎಂದುಕೊಂಡಿದ್ದೆವು. ಅರ್ಧ ಸತ್ಯ. ತೊಳೆದ ಬೂಟು ಮುಂದಿನ ಮನೆಯ ಹಸುವನ್ನೂ ಕಾಯುತ್ತದೆ.

ತಪ್ಪು ಕಲ್ಪನೆ 11: ಕೊಟ್ಟಿಗೆಯಲ್ಲಿ ಲಕ್ಷ್ಮಿ ಇರುತ್ತಾಳೆ, ಬೂಟುಗಾಲಲ್ಲಿ ಒಳಗೆ ಹೋಗುವುದು ಅಪಚಾರ.

ವಾಸ್ತವ: ಇದನ್ನು ಮೂಢನಂಬಿಕೆ ಎಂದು ನಕ್ಕು ದಾಟಿದವರಲ್ಲಿ ನಾವೂ ಇದ್ದೆವು. ಒಮ್ಮೆ ಹಾಗೆ ದಾಟಿದಾಗ ಆ ಮನೆಯ ಅಜ್ಜಿ ಜಗಳವಾಡಲಿಲ್ಲ, ಹಸುವಿನ ಹಗ್ಗ ಹಿಡಿದುಕೊಳ್ಳಲು ಬರಲಿಲ್ಲ, ಅಷ್ಟೇ. ಇನ್ನೊಮ್ಮೆ ಮರ್ಯಾದೆಗೆಂದು ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿದೆವು. ಅಂದು ಹಸುವಿನ ಗೊರಸು, ಹಸಿ ಗಂಜಳ ಎರಡರ ರುಚಿಯೂ ಪಾದಕ್ಕೆ ಸಿಕ್ಕಿತು.

ಯೋಚಿಸಿದರೆ ಅಜ್ಜಿಯ ನಿಯಮದಲ್ಲಿ ತಿರುಳಿದೆ. ಊರ ಕೊಳೆ ಹೊಸಿಲಿನೊಳಗೆ ಬರಬಾರದು ಎಂಬುದೇ ಅದರ ಅರ್ಥ. ಪಠ್ಯಪುಸ್ತಕ ಜೈವಿಕ ಸುರಕ್ಷತೆ ಎಂಬ ಹೆಸರಿನಲ್ಲಿ ಕಲಿಸುವುದೂ ಅದನ್ನೇ. ಆಕೆಯ ತಕರಾರು ಬೂಟಿನ ಮೇಲಲ್ಲ, ಬೀದಿಯ ಮೇಲೆ. ಈಗ ನಾವು ರಸ್ತೆಯ ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು, ತೊಳೆದು ತಂದ ಗಮ್‌ಬೂಟನ್ನು ಬಾಗಿಲಲ್ಲಿ ಹಾಕಿಕೊಳ್ಳುತ್ತೇವೆ. ಹಾಕಿಕೊಂಡು ಒಂದು ಬಕೆಟ್ ನೀರು ಕೇಳುತ್ತೇವೆ. ಬಂದವರಿಗೆ ಕಾಲಿಗೆ ನೀರು ಕೊಡುವುದು ಗೊತ್ತಿರುವ ಮನೆಗಳಲ್ಲಿ ಈ ಬೇಡಿಕೆಗೆ ವಿವರಣೆ ಬೇಕಿಲ್ಲ. ಎಲ್ಲರ ಕಣ್ಣೆದುರೇ ಬೂಟನ್ನು ಉಜ್ಜಿ ತೊಳೆದು ಒಳಗೆ ಕಾಲಿಟ್ಟರೆ ಯಾರೂ ತಡೆಯುವುದಿಲ್ಲ. ಕೆಲಸ ಮುಗಿದು ಹೊರಡುವಾಗ ಇನ್ನೊಂದು ಬಕೆಟ್ ಕೇಳಿದರೆ ಮಾತ್ರ ಅಚ್ಚರಿಪಡುತ್ತಾರೆ. ಬರುವಾಗ ತೊಳೆದದ್ದು ನಿಮ್ಮ ಹಸುವಿಗಾಗಿ, ಹೋಗುವಾಗ ತೊಳೆಯುವುದು ಪಕ್ಕದ ಮನೆಯ ಹಸುವಿಗಾಗಿ ಎಂದರೆ, ಬಕೆಟ್ ತುಂಬಿಯೇ ಬರುತ್ತದೆ.