ಇಮ್ಮಾರ್ಟಲ್ ತಂಡದ ಗೀತರಚನೆ ಮತ್ತು ವಾತಾವರಣ ನಿರ್ಮಾಣ

ಇಮ್ಮಾರ್ಟಲ್ ನಾರ್ವೆ ದೇಶದ ಬರ್ಗೆನ್ ನಗರದ ಒಂದು ಬ್ಲ್ಯಾಕ್ ಮೆಟಲ್ ವಾದ್ಯತಂಡ. ಗಿಟಾರ್ ವಾದಕ ಹಾಗೂ ಗೀತಕಾರ ಡೆಮೊನಾಜ್ (ಹಾರಾಲ್ಡ್ ನೇವ್ಡಾಲ್) ಮತ್ತು ಗಾಯಕ ಅಬಾಥ್ (ಓಲ್ವೆ ಐಕೆಮೋ) 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. ಹಿಮ, ಬಿರುಗಾಳಿ, ಕಗ್ಗತ್ತಲು, ಪರ್ವತ ಮತ್ತು ಕಾಗೆಗಳಿಂದ ತುಂಬಿದ ‘ಬ್ಲಾಶಿರ್ಕ್’ ಎಂಬ ಕಲ್ಪಿತ ರಾಜ್ಯವೊಂದನ್ನು ಸೃಷ್ಟಿಸಿ, ತಮ್ಮ ಹೆಚ್ಚಿನ ಹಾಡುಗಳನ್ನು ಅದರ ಸುತ್ತಲೇ ಹೆಣೆದಿರುವುದು ಈ ತಂಡದ ವೈಶಿಷ್ಟ್ಯ. ತಂಡದ ಗೀತರಚನಾ ಕ್ರಮವನ್ನೂ, ಕೇಳುಗರ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಾತಾವರಣವನ್ನು ಮೂಡಿಸಲು ಅದು ಬಳಸುವ ಉಪಾಯಗಳನ್ನೂ ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಬ್ಲ್ಯಾಕ್ ಮೆಟಲ್ ಎಂಬುದು ಹೆವಿ ಮೆಟಲ್ ಸಂಗೀತದ ಒಂದು ಉಗ್ರ ಶಾಖೆ. ಇಂಗ್ಲೆಂಡಿನ ವೆನಮ್ ತಂಡ 1982ರಲ್ಲಿ ಹೊರತಂದ ‘ಬ್ಲ್ಯಾಕ್ ಮೆಟಲ್’ ಎಂಬ ಧ್ವನಿಮುದ್ರಿಕೆಯಿಂದ ಇದಕ್ಕೆ ಹೆಸರು ಬಂದಿತು. ಸ್ವೀಡನ್ನಿನ ಬಾಥೋರಿ ತಂಡ ಇದರ ನಾದಸ್ವರೂಪಕ್ಕೆ ತಳಹದಿ ಹಾಕಿತು. 1990ರ ದಶಕದ ಮೊದಲರ್ಧದಲ್ಲಿ ನಾರ್ವೆಯ ಯುವಕರು ಇದನ್ನು ಸ್ವತಂತ್ರ ಪ್ರಕಾರವಾಗಿ ಬೆಳೆಸಿದರು.

ಆ ಬೆಳವಣಿಗೆಯ ಜೊತೆಗೆ ಒಂದು ಕರಾಳ ಅಧ್ಯಾಯವೂ ಇದೆ. 1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾನ್‌ಟಾಫ್ಟ್ ಎಂಬ ಮರದ ಪುರಾತನ ಚರ್ಚು ಬೆಂಕಿಗೆ ಆಹುತಿಯಾಯಿತು. ಬಳಿಕ ಇನ್ನೂ ಹಲವು ಚರ್ಚುಗಳನ್ನು ಸುಡಲಾಯಿತು, ಕೊಲೆಯೂ ನಡೆಯಿತು. ಈ ಪ್ರಕಾರದ ಬಗ್ಗೆ ಬರೆಯುವವರು ಇಂದಿಗೂ ಅಪರಾಧದ ಕಥೆಯಿಂದಲೇ ಆರಂಭಿಸುತ್ತಾರೆ. ಸಂಗೀತ ಹಿಂದೆ ಸರಿಯುತ್ತದೆ. ಇಮ್ಮಾರ್ಟಲ್ ತಂಡ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಬೆಳೆದರೂ ಧರ್ಮದ್ವೇಷವನ್ನಾಗಲಿ ಸೈತಾನನ ಆರಾಧನೆಯನ್ನಾಗಲಿ ತನ್ನ ಹಾಡುಗಳ ಕೇಂದ್ರವಾಗಿಸಿಕೊಳ್ಳಲಿಲ್ಲ. ಆದುದರಿಂದ ಈ ಪ್ರಕಾರವನ್ನು ಸಂಗೀತವಾಗಿ ಅರಿಯಲು ಇದು ಅನುಕೂಲವಾದ ಉದಾಹರಣೆ.

‘ವಾತಾವರಣ’ ಎಂಬ ಪರಿಕಲ್ಪನೆ

ಬ್ಲ್ಯಾಕ್ ಮೆಟಲ್ ಕೇಳುಗರು ಒಂದು ಹಾಡನ್ನು ಮೆಚ್ಚುವಾಗ ಅದರ ರಾಗದ ಇಂಪನ್ನೋ ವಾದಕನ ಕೈಚಳಕವನ್ನೋ ಮೊದಲು ಹೇಳುವುದಿಲ್ಲ. ಅದರಲ್ಲಿ ‘ವಾತಾವರಣ’ ಇದೆಯೇ ಎಂದು ನೋಡುತ್ತಾರೆ. ಹಾಡು ಕೇಳುಗನನ್ನು ಒಂದು ಸ್ಥಳಕ್ಕೆ ಕರೆದೊಯ್ದು ನಿಲ್ಲಿಸಬೇಕೆಂಬುದು ಅವರ ನಿರೀಕ್ಷೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಉದ್ದೀಪನ ವಿಭಾವವೇ ಪ್ರಧಾನ. ನಾಯಕ ನಾಯಿಕೆಯರಿಲ್ಲ, ಕಥೆಯೂ ಅತ್ಯಲ್ಪ. ಬೆಳದಿಂಗಳು, ಗಾಳಿ, ಕತ್ತಲು ಮುಂತಾದ ಪರಿಸರದ ವಿವರಗಳೇ ಭಯಾನಕ ಮತ್ತು ಅದ್ಭುತ ರಸಗಳನ್ನು ಹೊತ್ತು ನಿಲ್ಲುತ್ತವೆ.

ಈ ವಾತಾವರಣವನ್ನು ಎಲ್ಲ ತಂಡಗಳೂ ಒಂದೇ ಬಗೆಯಲ್ಲಿ ಸಾಧಿಸಲಿಲ್ಲ. ಎಂಪರರ್ ತಂಡ ಕೀಬೋರ್ಡಿನ ಮೂಲಕ ವಾದ್ಯಗೋಷ್ಠಿಯ ವೈಭವವನ್ನು ತಂದಿತು. ಡಾರ್ಕ್‌ಥ್ರೋನ್ ತಂಡ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಎಂಬ ಸಂಪುಟದಲ್ಲಿ ಅತಿ ಸರಳವಾದ, ಒರಟಾದ ಮುದ್ರಣವನ್ನೇ ಬೇಕೆಂದು ಆರಿಸಿಕೊಂಡಿತು. ಇಮ್ಮಾರ್ಟಲ್ ಮಾತ್ರ ಕೀಬೋರ್ಡನ್ನು ಬಹಳ ಮಿತವಾಗಿ ಬಳಸಿ, ಗಿಟಾರ್, ಡ್ರಮ್ ಮತ್ತು ಕಂಠದಿಂದಲೇ ಚಳಿಯನ್ನು ಹುಟ್ಟಿಸಲು ಹೊರಟಿತು.

ಬ್ಲಾಶಿರ್ಕ್

ಬ್ಲಾಶಿರ್ಕ್ ಎಂಬ ಪದ ಯಾವ ಭಾಷೆಯ ನಿಘಂಟಿನಲ್ಲಿಯೂ ಇಲ್ಲ. ಇದು ಡೆಮೊನಾಜ್ ಕಲ್ಪಿಸಿದ ಹೆಸರು. ಅಲ್ಲಿ ಸೂರ್ಯನಿಲ್ಲ, ಬೇಸಿಗೆಯಿಲ್ಲ. ಮಂಜಿನ ಕಣಿವೆಗಳ ಮೇಲೆ ಕಾಗೆಯೊಂದು ಕಾವಲು ಕಾಯುತ್ತದೆ. 1995ರ ‘ಬ್ಯಾಟಲ್ಸ್ ಇನ್ ದ ನಾರ್ತ್’ ಸಂಪುಟದ ಕೊನೆಯ ಹಾಡಾದ ‘ಬ್ಲಾಶಿರ್ಕ್ (ಮೈಟಿ ರೇವನ್‌ಡಾರ್ಕ್)’ ಈ ರಾಜ್ಯದ ನಾಡಗೀತೆಯಂತಿದೆ.

ಕನ್ನಡ ಓದುಗರಿಗೆ ಕಲ್ಪಿತ ಊರು ಹೊಸತಲ್ಲ. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕಾಶೆಯಲ್ಲಿಯೂ ಇಲ್ಲ. ಶಂಕರ್ ನಾಗ್ ಅದನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಕಂಡುಕೊಂಡರು. 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದ ರಾಮಗಢವೂ ಕಲ್ಪಿತವೇ. ರಾಮನಗರದ ಬಂಡೆಗಳು ಅದಕ್ಕೆ ದೇಹ ಕೊಟ್ಟವು. ಆ ಬೆಟ್ಟಗಳ ಸುತ್ತಮುತ್ತ ಬದುಕುವ ನಮ್ಮಂಥವರಿಗೆ ಅವು ಕುರಿ ಮೇಯುವ, ರಣಹದ್ದುಗಳು ಗೂಡು ಕಟ್ಟುವ ಕಲ್ಲುಗುಡ್ಡಗಳು. ಹೊರಗಿನಿಂದ ಬಂದವರಿಗೆ ಅವು ಇಂದಿಗೂ ಗಬ್ಬರ್ ಸಿಂಗನ ಬೀಡು. ನಿಜವಾದ ನೆಲದ ಮೇಲೆ ಇನ್ನೊಂದು ಊರನ್ನು ಹೊದಿಸುವ ಈ ಕ್ರಿಯೆಯನ್ನೇ ಡೆಮೊನಾಜ್ ಬರ್ಗೆನ್ನಿನ ಬೆಟ್ಟಗಳ ಮೇಲೆ ನಡೆಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬರ್ಗೆನ್ ಹಿಮಕ್ಕೆ ಹೆಸರಾದ ನಗರವಲ್ಲ. ಏಳು ಬೆಟ್ಟಗಳ ನಡುವಿನ ಈ ಕಡಲತೀರದ ಊರಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಳಿಗಾಲವು ನಾರ್ವೆಯ ಒಳನಾಡಿಗೆ ಹೋಲಿಸಿದರೆ ಸೌಮ್ಯ. ಕೊಡೆ ಹಿಡಿದು ನಡೆಯುವ ಜನರ ನಡುವೆ ಕುಳಿತು ಎಂದೂ ಕರಗದ ಹಿಮದ ರಾಜ್ಯವನ್ನು ಬರೆಯಲಾಯಿತೆಂಬುದು, ಇದು ಕಂಡದ್ದರ ವರ್ಣನೆಯಲ್ಲ, ಬಯಸಿದ್ದರ ವರ್ಣನೆ ಎಂಬುದನ್ನು ಸೂಚಿಸುತ್ತದೆ.

ಸಾಹಿತ್ಯದ ಭಾಷೆ

ಹಾಡುಗಳು ಇಂಗ್ಲಿಷಿನಲ್ಲಿವೆ, ಆದರೆ ಅದು ನಾರ್ವೆಯವರ ಇಂಗ್ಲಿಷು. 1999ರ ಸಂಪುಟದ ಹಾಡೊಂದರ ಹೆಸರು ‘ಟ್ರ್ಯಾಜಿಡೀಸ್ ಬ್ಲೋಸ್ ಅಟ್ ಹೊರೈಜನ್’. ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯಾಪದ! ಶಾಲೆಯ ಉತ್ತರ ಪತ್ರಿಕೆಯಲ್ಲಿ ಇದಕ್ಕೆ ಕೆಂಪು ಗೆರೆ ಖಂಡಿತ. ಆದರೆ ವ್ಯಾಕರಣ ತಪ್ಪಿದ ಈ ನುಡಿಗಟ್ಟುಗಳು ದಿನಬಳಕೆಯ ಇಂಗ್ಲಿಷಿನಿಂದ ದೂರ ಸರಿದು, ಬೇರೊಂದು ಲೋಕದ ಶಾಸನಭಾಷೆಯಂತೆ ಕೇಳಿಸುತ್ತವೆ. ಪದಕೋಶವೂ ಬೇಕೆಂದೇ ಕಿರಿದು. ಚಳಿ, ಉತ್ತರ ದಿಕ್ಕು, ಚಂದ್ರ, ಬೆಟ್ಟ, ಸಿಂಹಾಸನ, ಕಾಗೆ, ಯುದ್ಧ, ಇಷ್ಟೇ ಪದಗಳು ಸಂಪುಟದಿಂದ ಸಂಪುಟಕ್ಕೆ ಮರಳಿ ಬರುತ್ತವೆ. ಪುನರುಕ್ತಿಯಿಂದ ಬೇಸರವಾಗಬೇಕಿತ್ತು, ಆದರೆ ಜನಪದ ಕಥನಗೀತೆಗಳಲ್ಲಿ ಆಗುವಂತೆ, ಮರಳಿ ಬಂದ ಪದ ಪ್ರತಿಸಲವೂ ಹಿಂದಿನ ಹಾಡಿನ ನೆನಪನ್ನು ಹೊತ್ತು ತರುತ್ತದೆ.

ಸಂಗೀತ ರಚನೆಯ ಉಪಾಯಗಳು

ತಂಡದ ನಾದ ಮೂರು ಅಂಶಗಳ ಮೇಲೆ ನಿಂತಿದೆ.

ಮೊದಲನೆಯದು ಗಿಟಾರಿನ ಟ್ರೆಮೊಲೊ ಮೀಟು. ಒಂದೇ ಸ್ವರವನ್ನು ಅತಿ ವೇಗವಾಗಿ ಮೇಲೆ ಕೆಳಗೆ ಮೀಟುತ್ತಾ ಹೋದಾಗ ಬಿಡಿ ಬಿಡಿ ಮೀಟುಗಳು ಕಿವಿಗೆ ಕೇಳಿಸದೆ ಒಂದು ಉದ್ದನೆಯ ಕಂಪಿಸುವ ಗೆರೆಯಾಗುತ್ತವೆ. ಹಳೆಯ ಚಲನಚಿತ್ರ ಗೀತೆಗಳಲ್ಲಿ ಮ್ಯಾಂಡೊಲಿನ್ ನುಡಿಸುವ ಕ್ರಮವನ್ನು ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ವ್ಯತ್ಯಾಸವೆಂದರೆ ಇಲ್ಲಿ ಆ ಗೆರೆಯನ್ನು ವಿದ್ಯುತ್ ಧ್ವನಿವರ್ಧಕದ ಮೂಲಕ ಗರಗರನೆ ಒರಟುಗೊಳಿಸಲಾಗುತ್ತದೆ.

ಎರಡನೆಯದು ಬ್ಲಾಸ್ಟ್ ಬೀಟ್ ಎಂಬ ತಾಳಕ್ರಮ. ಸ್ನೇರ್ ಮತ್ತು ಕಾಲಿನ ಡ್ರಮ್ಮನ್ನು ಬಿಡುವಿಲ್ಲದೆ ಸಮ ಅಂತರದಲ್ಲಿ ಬಾರಿಸುವುದು ಇದರ ಲಕ್ಷಣ. ಮೊದಲ ಬಾರಿ ಕೇಳುವವರಿಗೆ ಇದು ಕೇವಲ ಗದ್ದಲ. ಆದರೆ ತಾಳ ಎಷ್ಟೇ ಧಾವಿಸಿದರೂ ಅದರ ಮೇಲಿನ ಸ್ವರಗುಚ್ಛಗಳು ನಿಧಾನವಾಗಿ ಬದಲಾಗುತ್ತವೆ. ಹೆಂಚಿನ ಮಾಡಿನ ಮೇಲೆ ಜಡಿಮಳೆ ಬಿದ್ದಾಗ ಒಂದೊಂದು ಹನಿಯ ಸದ್ದು ಅಳಿದು ಒಂದೇ ಮೊರೆತ ಉಳಿಯುತ್ತದಲ್ಲವೇ? ಹಾಗೆಯೇ ಅತಿ ವೇಗವು ಒಂದು ಹಂತದ ನಂತರ ನಿಶ್ಚಲತೆಯಾಗಿ ತೋರುತ್ತದೆ. 1993ರ ‘ಪ್ಯೂರ್ ಹೋಲೊಕಾಸ್ಟ್’ ಸಂಪುಟ ಈ ಪರಿಣಾಮಕ್ಕೆ ಮಾದರಿ. ಅದರ ಮುದ್ರಣದಲ್ಲಿ ಡ್ರಮ್ ನುಡಿಸಿದವರೂ ಗಾಯಕ ಅಬಾಥ್ ಅವರೇ.

ಮೂರನೆಯದು ಕಂಠ. ಅಬಾಥ್ ಹಾಡುವುದಿಲ್ಲ, ಕಿರಿಚುವುದೂ ಇಲ್ಲ. ಕಪ್ಪೆ ಅಥವಾ ಕಾಗೆಯ ಕೂಗಿಗೆ ಹತ್ತಿರವಾದ ಗೊಗ್ಗರು ದನಿಯಲ್ಲಿ ಪದಗಳನ್ನು ಉಚ್ಚರಿಸುತ್ತಾರೆ. ಮನುಷ್ಯನ ಅಳಲು ಅಥವಾ ಕೋಪ ಇದರಲ್ಲಿ ಕೇಳಿಸುವುದಿಲ್ಲ. ಆ ಪ್ರದೇಶವೇ ಮಾತನಾಡಿದಂತೆ ತೋರುತ್ತದೆ.

ಇವುಗಳ ಜೊತೆಗೆ ನಿಧಾನ ಗತಿಯ ಭಾಗಗಳಲ್ಲಿ ಗಿಟಾರಿನ ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ, ಒಂದರ ನಾದ ಇನ್ನೊಂದರೊಳಗೆ ಬೆರೆಯುವಂತೆ ಬಿಡಲಾಗುತ್ತದೆ. ತಂಬೂರಿಯ ಶ್ರುತಿ ಹಾಡುಗಾರನ ಸುತ್ತ ಒಂದು ಆವರಣವನ್ನು ಕಟ್ಟುವಂತೆ, ಈ ನಾದ ಮುಂದೆ ಬರುವ ಬಿರುಸಿಗೆ ಬಯಲನ್ನು ಸಿದ್ಧಪಡಿಸುತ್ತದೆ.

ಧ್ವನಿಮುದ್ರಣ

‘ಡಯಾಬಾಲಿಕಲ್ ಫುಲ್‌ಮೂನ್ ಮಿಸ್ಟಿಸಿಸಂ’ (1992), ‘ಪ್ಯೂರ್ ಹೋಲೊಕಾಸ್ಟ್’ (1993) ಮತ್ತು ‘ಬ್ಯಾಟಲ್ಸ್ ಇನ್ ದ ನಾರ್ತ್’ (1995) ಎಂಬ ಮೊದಲ ಮೂರು ಸಂಪುಟಗಳು ಬರ್ಗೆನ್ನಿನ ಗ್ರೀಗ್‌ಹಾಲನ್ ಸಭಾಂಗಣದಲ್ಲಿದ್ದ ಸ್ಟುಡಿಯೊದಲ್ಲಿ, ಪಿಟ್ಟನ್ ಎಂದು ಹೆಸರಾದ ಐರಿಕ್ ಹುಂಡ್ವಿನ್ ಅವರ ಸಹಾಯದಿಂದ ಮುದ್ರಿತವಾದವು. ಈ ಸಭಾಂಗಣಕ್ಕೆ ನಾರ್ವೆಯ ಶ್ರೇಷ್ಠ ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್ ಅವರ ಹೆಸರನ್ನಿಡಲಾಗಿದೆ. ನಗರದ ಶಾಸ್ತ್ರೀಯ ವಾದ್ಯಗೋಷ್ಠಿ ನುಡಿಸುವ ಕಟ್ಟಡದಲ್ಲಿಯೇ ಬ್ಲ್ಯಾಕ್ ಮೆಟಲ್‌ನ ಹಲವು ಮುಖ್ಯ ಕೃತಿಗಳು ರೂಪುಗೊಂಡವು.

1997ರ ತಿರುವು

‘ಬ್ಲಿಝರ್ಡ್ ಬೀಸ್ಟ್ಸ್’ ಸಂಪುಟ ಹೊರಬಂದ 1997ರಲ್ಲಿ ಡೆಮೊನಾಜ್ ಅವರ ಕೈಗೆ ತೀವ್ರವಾದ ಸ್ನಾಯುರಜ್ಜು ಉರಿಯೂತ ಉಂಟಾಯಿತು. ಅತಿ ವೇಗದ ಟ್ರೆಮೊಲೊ ಮೀಟನ್ನೇ ಉಸಿರಾಗಿಸಿಕೊಂಡಿದ್ದ ವಾದಕನಿಗೆ ಗಿಟಾರ್ ಹಿಡಿಯುವುದೇ ಅಸಾಧ್ಯವಾಯಿತು. ಅವರು ವೇದಿಕೆಯಿಂದ ಕೆಳಗಿಳಿದರು; ಆದರೆ ತಂಡವನ್ನು ಬಿಡಲಿಲ್ಲ. ಸಾಹಿತ್ಯ ಬರೆಯುವ ಹಾಗೂ ತಂಡದ ವ್ಯವಹಾರ ನೋಡಿಕೊಳ್ಳುವ ಕೆಲಸವನ್ನು ಮುಂದುವರಿಸಿದರು. ಗಿಟಾರ್ ಅಬಾಥ್ ಅವರ ಕೈಗೆ ಬಂದಿತು. 1996ರಲ್ಲಿ ಸೇರಿದ್ದ ಹೋರ್ಗ್ ಡ್ರಮ್ ವಾದಕರಾಗಿ ಉಳಿದರು.

ಈ ಅನಾಹುತದಿಂದ ತಂಡದ ರಚನಾಕ್ರಮವೇ ಬದಲಾಯಿತು. ಸ್ವೀಡನ್ನಿನ ಅಬಿಸ್ ಸ್ಟುಡಿಯೊದಲ್ಲಿ ಪೀಟರ್ ಟೆಗ್ಟ್‌ಗ್ರೆನ್ ಅವರೊಡನೆ ಮುದ್ರಿಸಿದ ‘ಅಟ್ ದ ಹಾರ್ಟ್ ಆಫ್ ವಿಂಟರ್’ (1999) ಸಂಪುಟದಲ್ಲಿ ಇರುವುದು ಆರೇ ಹಾಡುಗಳು. ಒಟ್ಟು ಅವಧಿ ಸುಮಾರು 46 ನಿಮಿಷ. ಹಿಂದೆ ಮೂರು ನಾಲ್ಕು ನಿಮಿಷಗಳಲ್ಲಿ ಬಿರುಗಾಳಿಯಂತೆ ಬೀಸಿ ಮುಗಿಯುತ್ತಿದ್ದ ಹಾಡು ಈಗ ಎಂಟು ನಿಮಿಷಗಳವರೆಗೆ ಬೆಳೆಯಿತು. ಬಿರುಸಿನ ಭಾಗ, ನಡಿಗೆಯ ಗತಿಯ ಭಾಗ, ಒಂಟಿ ಗಿಟಾರಿನ ಮೌನಪ್ರಾಯ ಭಾಗ ಎಂದು ಒಳವಿಭಾಗಗಳು ಬಂದವು. ಮುಖಪುಟದಲ್ಲಿ ಕೂಡ ಅಲ್ಲಿಯವರೆಗೆ ತಂಡದವರ ಛಾಯಾಚಿತ್ರಗಳೇ ಇರುತ್ತಿದ್ದವು. ಈ ಸಲ ಮೊದಲ ಬಾರಿಗೆ ಮನುಷ್ಯರನ್ನು ಬಿಟ್ಟು, ಜಾನ್ ಪಾಸ್ಕಲ್ ಫೂರ್ನಿಯೆ ಬಿಡಿಸಿದ ಹಿಮಾವೃತ ಕೋಟೆಯ ಚಿತ್ರ ಬಂದಿತು. ಹಳೆಯ ಸಂಪುಟಗಳು ಕೇಳುಗನನ್ನು ಬಿರುಗಾಳಿಯ ನಡುವೆ ನಿಲ್ಲಿಸುತ್ತಿದ್ದವು. ಇದು ಅವನನ್ನು ಬೆಟ್ಟದ ತುದಿಗೆ ಹತ್ತಿಸಿ ಇಡೀ ಕಣಿವೆಯನ್ನು ತೋರಿಸುತ್ತದೆ. ತಂಡದ ಅತ್ಯುತ್ತಮ ಕೃತಿ ಇದೇ ಎಂಬ ಅಭಿಪ್ರಾಯಕ್ಕೆ ಬಲವಾದ ಕಾರಣಗಳಿವೆ. ಹೊಸ ಕೇಳುಗರಿಗೂ ಪ್ರವೇಶದ್ವಾರವಾಗಿ ಇದೇ ಸೂಕ್ತ.

ಇದರ ನಂತರ ‘ಡ್ಯಾಮ್ಡ್ ಇನ್ ಬ್ಲ್ಯಾಕ್’ (2000) ಮತ್ತು ‘ಸನ್ಸ್ ಆಫ್ ನಾರ್ದರ್ನ್ ಡಾರ್ಕ್‌ನೆಸ್’ (2002) ಬಂದವು. 2003ರಲ್ಲಿ ತಂಡ ಚದುರಿತು.

ವೇಷ ಮತ್ತು ನಗೆ

ಮುಖಕ್ಕೆ ಬಿಳಿ ಬಣ್ಣ ಬಳಿದು ಕಣ್ಣು ಬಾಯಿಗಳ ಸುತ್ತ ಕಪ್ಪು ತೀಡುವುದು ಈ ಪ್ರಕಾರದ ರೂಢಿ. ಹೆಣದ ಮುಖವನ್ನು ನೆನಪಿಸುವುದು ಅದರ ಮೂಲ ಉದ್ದೇಶ. ಅಬಾಥ್ ಅವರ ಮುಖವರ್ಣಿಕೆ ಮಾತ್ರ ಹೆಣಕ್ಕಿಂತ ಯಕ್ಷಗಾನದ ರಾಕ್ಷಸ ವೇಷಕ್ಕೆ ಹತ್ತಿರವಾದುದು. ಎರಡಕ್ಕೂ ನಡುವೆ ಯಾವ ಐತಿಹಾಸಿಕ ಸಂಬಂಧವೂ ಇಲ್ಲ. ಆದರೂ ಬಣ್ಣ ಹಚ್ಚಿದೊಡನೆ ವ್ಯಕ್ತಿ ಮರೆಯಾಗಿ ಪಾತ್ರ ಎದ್ದು ನಿಲ್ಲುವ ತತ್ತ್ವ ಒಂದೇ.

ವೇಷ ಹೆಚ್ಚಾದರೆ ನಗೆ ಬರುವುದೂ ಸಹಜ. ಮೊದಲ ಸಂಪುಟದ ‘ದ ಕಾಲ್ ಆಫ್ ದ ವಿಂಟರ್‌ಮೂನ್’ ಹಾಡಿನ ದೃಶ್ಯಚಿತ್ರದಲ್ಲಿ ತಂಡದವರು ಕಾಡಿನಲ್ಲಿ ಓಡಾಡುವ ರೀತಿ ಅಂತರಜಾಲದಲ್ಲಿ ವರ್ಷಗಳ ಕಾಲ ತಮಾಷೆಯ ವಸ್ತುವಾಗಿದೆ. ಅಬಾಥ್ ಸಹ ವೇದಿಕೆಯ ಮೇಲೆ ಹಾಸ್ಯಕ್ಕೆ ಹಿಂಜರಿದವರಲ್ಲ. ವಾತಾವರಣ ನಿರ್ಮಾಣಕ್ಕೆ ಗಾಂಭೀರ್ಯವೇ ಅಗತ್ಯವೆಂಬ ವಾದಕ್ಕೆ ಇದು ಒಂದು ಅಡ್ಡಿ. ನಗುತ್ತಾ ನೋಡಿದವರೂ ಹಾಡು ಕೇಳುವಾಗ ಚಳಿಯನ್ನು ಅನುಭವಿಸುತ್ತಾರೆ.

ಹೆಸರಿನ ವಿವಾದ ಮತ್ತು ಮರಳಿದ ಕೈ

2007ರಲ್ಲಿ ತಂಡ ಮತ್ತೆ ವೇದಿಕೆಗೆ ಬಂದಿತು. ಜರ್ಮನಿಯ ವಾಕನ್ ಉತ್ಸವದಲ್ಲಿ ಆ ವರ್ಷ ನೀಡಿದ ಪ್ರದರ್ಶನ 2010ರಲ್ಲಿ ‘ದ ಸೆವೆಂತ್ ಡೇಟ್ ಆಫ್ ಬ್ಲಾಶಿರ್ಕ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. 2009ರಲ್ಲಿ ‘ಆಲ್ ಶಲ್ ಫಾಲ್’ ಸಂಪುಟ ಬಂದಿತು. ಆದರೆ 2015ರಲ್ಲಿ ಹೆಸರಿನ ಹಕ್ಕಿನ ವಿವಾದದ ನಡುವೆ ಅಬಾಥ್ ತಂಡದಿಂದ ಹೊರನಡೆದು ತಮ್ಮದೇ ಹೆಸರಿನ ತಂಡ ಕಟ್ಟಿದರು.

ಆಗ ಎದ್ದ ಪ್ರಶ್ನೆ ಕಾನೂನಿನದಷ್ಟೇ ಆಗಿರಲಿಲ್ಲ. ಕೇಳುಗರು ಗುರುತಿಸುತ್ತಿದ್ದ ದನಿ, ಮುಖ, ಗಿಟಾರ್ ಎಲ್ಲವೂ ಅಬಾಥ್ ಅವರದು. ಬ್ಲಾಶಿರ್ಕ್ ಮಾತ್ರ ಡೆಮೊನಾಜ್ ಅವರದು. ಹಾಗಾದರೆ ಆ ವಾತಾವರಣ ಯಾರ ಆಸ್ತಿ? ಉತ್ತರ 2018ರ ‘ನಾರ್ದರ್ನ್ ಕೇಯಾಸ್ ಗಾಡ್ಸ್’ ಸಂಪುಟದಲ್ಲಿ ಸಿಕ್ಕಿತು. ಶಸ್ತ್ರಚಿಕಿತ್ಸೆಯ ಬಳಿಕ ಡೆಮೊನಾಜ್ ಮತ್ತೆ ಗಿಟಾರ್ ಹಿಡಿದಿದ್ದರು, ಹಾಡಿದವರೂ ಅವರೇ. ಕೊನೆಯ ಹಾಡಿಗೆ ‘ಮೈಟಿ ರೇವನ್‌ಡಾರ್ಕ್’ ಎಂದು ಹೆಸರಿಟ್ಟು, 1995ರಲ್ಲಿ ನಿಲ್ಲಿಸಿದಲ್ಲಿಂದಲೇ ಕಥೆಯನ್ನು ಎತ್ತಿಕೊಂಡರು. ಎರಡು ದಶಕಗಳ ಕಾಲ ಕೇವಲ ಪದಗಳಲ್ಲಿ ಆ ರಾಜ್ಯವನ್ನು ಕಾಪಾಡಿದ್ದ ವ್ಯಕ್ತಿಗೆ ಅದರ ನಾದವೂ ಮರಳಿ ದೊರೆಯಿತು. ಅಬಾಥ್ ಅವರ ಗೊಗ್ಗರು ದನಿಯ ಕೊರತೆ ಕೆಲವರನ್ನು ಕಾಡಿದ್ದು ನಿಜ. ಆದರೆ ಚಳಿ ಕಡಿಮೆಯಾಗಿರಲಿಲ್ಲ. ನಂತರದ ‘ವಾರ್ ಅಗೇನ್ಸ್ಟ್ ಆಲ್’ (2023) ಸಂಪುಟದ ವೇಳೆಗೆ ಹೋರ್ಗ್ ಸಹ ಬೇರೆಯಾಗಿ, ಸ್ಥಾಪಕರಲ್ಲಿ ಡೆಮೊನಾಜ್ ಒಬ್ಬರೇ ಉಳಿದಿದ್ದರು.

ಕರ್ನಾಟಕದಲ್ಲಿ ಮೆಟಲ್ ಸಂಗೀತ

ಭಾರತದಲ್ಲಿ ಮೆಟಲ್ ಸಂಗೀತದ ಮುಖ್ಯ ನೆಲೆಗಳಲ್ಲಿ ಬೆಂಗಳೂರು ಒಂದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ತಂಡಗಳು ಇಲ್ಲಿ ನುಡಿಸಿದವು. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರಿಪ್ಟೋಸ್ ತಂಡ 2013ರಲ್ಲಿ ಇಮ್ಮಾರ್ಟಲ್ ನುಡಿಸಿದ್ದ ಅದೇ ವಾಕನ್ ಉತ್ಸವದಲ್ಲಿ ಭಾಗವಹಿಸಿತು. ನಿಧಾನಗತಿಯ ಡೂಮ್ ಮೆಟಲ್ ನುಡಿಸುವ ಬೆಂಗಳೂರಿನ ಇನ್ನೊಂದು ತಂಡ ‘ಬೆವರ್ ಸೀ’ ತನ್ನ ಹೆಸರನ್ನು ‘ಬೇವರ್ಸಿ’ ಎಂಬ ಕನ್ನಡದ ಬೈಗುಳದ ಮೇಲಿನ ಶ್ಲೇಷೆಯಿಂದ ಪಡೆದಿದೆ. ಈ ತಂಡಗಳ ಹಾಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇವೆ.