ಬಹುಭಾಷಾ ಜಾಲತಾಣಗಳಲ್ಲಿ ಅಕ್ಷರಸಂಕೇತದ ನಿರ್ಣಯ

ಶಬ್ದಾರ್ಥಗಳ ಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಉಂಟಾದುದೆಂದು ನೈಯಾಯಿಕರೂ ವಾದಿಸುವರು. ಗಣಕಯಂತ್ರದ ಅಕ್ಷರಗಳ ವಿಷಯದಲ್ಲಿ ಮಾತ್ರ ನೈಯಾಯಿಕರ ಪಕ್ಷವೇ ನಿಲ್ಲತಕ್ಕುದು. ಯಂತ್ರವು ಅಕ್ಷರವನ್ನರಿಯದು, 0 ಮೊದಲ್ಗೊಂಡು 255ರ ವರೆಗಿನ ಒಂದು ಸಂಖ್ಯೆಯನ್ನು ಹೊರುವ ಬೈಟನ್ನು ಮಾತ್ರ ಅರಿಯುವುದು. 179 ಎಂಬ ಸಂಖ್ಯೆಯು ಭಾರತದ 1991ರ ಇಸ್ಕಿ ಸಂಕೇತದಲ್ಲಿ ಕಕಾರ. ಪಶ್ಚಿಮ ಯೂರೋಪಿನ ಐಎಸ್‌ಒ 8859-1ರಲ್ಲಿ ಮೇಲ್ಗಡೆ ಬರೆದ ಮೂರರ ಅಂಕಿ. ರಷ್ಯನ್ ಮೊದಲಾದ ಭಾಷೆಗಳ 8859-5ರಲ್ಲಿ ಗಕಾರ. ಇಸ್ಕಿಯಲ್ಲಿಯಾದರೂ ಆ ಕಕಾರವು ಕನ್ನಡದ್ದೋ ನಾಗರಿಯದ್ದೋ ಎಂಬುದನ್ನು ಬೇರೆಯಾಗಿ ಸೂಚಿಸಬೇಕಾಗಿದ್ದಿತು.

1991ರಲ್ಲಿಯೇ ಪ್ರಕಟವಾದ ಯೂನಿಕೋಡ್ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿತು. ಕನ್ನಡಕ್ಕೆ 3200ರಿಂದ 3327ರ ವರೆಗೆ; ಕಕಾರವು 3221. ಇಷ್ಟು ದೊಡ್ಡ ಸಂಖ್ಯೆಯು ಒಂದು ಬೈಟಿನಲ್ಲಿ ಹಿಡಿಯದಾದಕಾರಣ, ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರಚಿಸಿದ ಯುಟಿಎಫ್-8 ಪದ್ಧತಿಯಲ್ಲಿ ಅದು 224, 178, 149 ಎಂಬ ಮೂರು ಬೈಟುಗಳಾಗುವುದು. ಓದುವ ಯಂತ್ರವು ಇವನ್ನು ವಿಂಡೋಸ್-1252 ಎಂಬ ಪಾಶ್ಚಾತ್ಯ ಸಂಕೇತದವೆಂದು ಭ್ರಮಿಸಿದರೆ, ತಲೆಯ ಮೇಲೆ ಓರೆಗೆರೆಯುಳ್ಳ ಲ್ಯಾಟಿನ್ ಎ, ಮೇಲ್ಗಡೆಯ ಎರಡರ ಅಂಕಿ, ಒಂದು ಕರಿಯ ಬೊಟ್ಟು ಇವು ಕಾಣಿಸುವುವು.

ಆದಕಾರಣ ತಾಣವು ತನ್ನ ಸಂಕೇತವನ್ನು ಸಾರತಕ್ಕುದು. ಸರ್ವರು ಪುಟದೊಡನೆ ಕಳುಹಿಸುವ ಶಿರೋಲೇಖದಲ್ಲಿಯೂ, ಪುಟದ ಮೊದಲ 1024 ಬೈಟುಗಳೊಳಗಣ ಮೆಟಾ ಘೋಷಣೆಯಲ್ಲಿಯೂ ಸಾರಬಹುದು. ಇವೆರಡಕ್ಕೆ ವಿರೋಧ ಬಂದಲ್ಲಿ ಶಿರೋಲೇಖವೇ ಪ್ರಬಲ. ಪುಟದೊಳಗಿನ ಘೋಷಣೆಯು ಎಷ್ಟು ಶುದ್ಧವಾಗಿದ್ದರೂ ನಿಷ್ಫಲ. ಪುಟವನ್ನು ಮಾತ್ರ ತಿದ್ದಿ ತಿದ್ದಿ ಬೇಸರಗೊಳ್ಳುವವರು ಈ ಬಲಾಬಲವನ್ನು ಗಮನಿಸಿರುವುದಿಲ್ಲ.

ಇನ್ನು ಪಾಠವಿಕಾರಗಳಲ್ಲಿ ಎರಡು ಬಗೆ. ಬೈಟುಗಳು ಶುದ್ಧವಾಗಿದ್ದು ಘೋಷಣೆಯೊಂದೇ ತಪ್ಪಿದ್ದರೆ ಅದು ದೃಷ್ಟಿದೋಷ. ಘೋಷಣೆಯನ್ನು ತಿದ್ದಿದೊಡನೆ ಪಾಠವು ಮರಳುವುದು. ಪಾಠವನ್ನು ಕಾಪಿಡುವ ಡೇಟಾಬೇಸು ಪಾಶ್ಚಾತ್ಯ ಸಂಕೇತದಲ್ಲಿದ್ದು, ತಾನರಿಯದ ಪ್ರತಿ ಅಕ್ಷರಕ್ಕೂ ಪ್ರಶ್ನಚಿಹ್ನೆಯನ್ನು ಬರೆದುಕೊಂಡಿದ್ದರೆ ಅದು ಗ್ರಂಥಪಾತವೇ ಸರಿ; ಕಕಾರವೂ ಮಕಾರವೂ ಒಂದೇ ಚಿಹ್ನೆಯಾದಮೇಲೆ ಯಾವ ಸಂಶೋಧಕನೂ ಅವನ್ನು ಬೇರ್ಪಡಿಸಲಾರನು. ಹಳೆಯ ಸಂಗ್ರಹವನ್ನು ಮುಟ್ಟುವ ಮೊದಲು ಒಂದು ಪ್ರತಿಯನ್ನು ತೆಗೆದಿಟ್ಟು ಬೈಟುಗಳನ್ನೇ ಪರೀಕ್ಷಿಸುವುದು ಯುಕ್ತ. ಕಕಾರದ ಸ್ಥಾನದಲ್ಲಿ 224, 178, 149 ದೊರೆತರೆ ಪಾಠವುಳಿದಿದೆ. 63 ದೊರೆತರೆ ಇಲ್ಲ.

ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ 'ಯುಟಿಎಫ್8' ಎಂಬ ಹೆಸರು ಬಹುಕಾಲದಿಂದ ಮೋಸಗೊಳಿಸಿದೆ. ಅದು ಅಕ್ಷರಕ್ಕೆ ಮೂರು ಬೈಟುಗಳನ್ನು ಮೀರದ ರೂಪ. ಕನ್ನಡ, ತೆಲುಗು, ನಾಗರಿಗಳಿಗೆ ಅಷ್ಟು ಸಾಕು. ಗ್ರಂಥಲಿಪಿಯೂ, 2024ರಲ್ಲಿ ಯೂನಿಕೋಡನ್ನು ಸೇರಿದ ತುಳು-ತಿಗಳಾರಿಯೂ ನಾಲ್ಕು ಬೈಟುಗಳನ್ನು ಬೇಡುವುವು. ಆದುದರಿಂದ ಹಸ್ತಪ್ರತಿಗಳ ಮೂಲಲಿಪಿಯನ್ನೂ ಪ್ರಕಟಿಸಬಯಸುವ ತಾಣವು 'ಯುಟಿಎಫ್8ಎಂಬಿ4' ಎಂಬುದನ್ನೇ ಆರಿಸಿ, ಕೋಶಕ್ಕೂ ತಾಣಕ್ಕೂ ನಡುವಣ ಸಂಪರ್ಕಕ್ಕೂ ಅದನ್ನೇ ವಿಧಿಸತಕ್ಕುದು.